ಬಿಳಿ ಇಲಿಯನ್ನು ಬಾಲ ಹಿಡಿಯದೆ ಎತ್ತುವುದು ಹೇಗೆ: ಅನಿಮಲ್ ಹೌಸ್‌ನಲ್ಲಿ ಕೆಲಸ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಪ್ರಯೋಗದ ಸಣ್ಣ ಬಿಳಿ ಇಲಿಯನ್ನು (ಮೌಸ್) ಬಾಲ ಹಿಡಿಯದೆ, ಒಂದು ಕೊಳವೆಯೊಳಗೆ ನಡೆಸಿ ಎತ್ತಿ ಎಂದರೆ ಒಂದೇ ದೂರು ಪದೇ ಪದೇ ಕೇಳಿಬರುತ್ತಿದೆ. "ಕೊಳವೆ ತಂದೆವು, ಕೇಜ್‌ನಲ್ಲಿ ಇಟ್ಟೆವು, ಇಲಿ ಒಳಗೆ ಹೋಗ್ತಾನೇ ಇಲ್ಲ. ಕೊನೆಗೆ ಬಾಲ ಹಿಡಿದೇ ಎತ್ತಿದೆವು." ದಾವಣಗೆರೆಯ ಎಂ.ಫಾರ್ಮ್ ವಿದ್ಯಾರ್ಥಿಗಳು, ಚಿತ್ರದುರ್ಗದಿಂದ ಓಡಾಡುವವರು, ಅನಿಮಲ್ ಹೌಸ್ (ಪ್ರಯೋಗದ ಪ್ರಾಣಿಗಳನ್ನು ಸಾಕುವ ಜಾಗ) ಕೆಲಸಕ್ಕೆ ಹೊಸದಾಗಿ ಸೇರಿದವರು, ಎಲ್ಲರದ್ದೂ ಇದೇ ಮಾತು. ಪಕ್ಕದಲ್ಲಿ ನಿಂತು ನೋಡಿದರೆ ತಪ್ಪು ಒಂದೇ ಜಾಗದಲ್ಲಿ ಆಗುತ್ತಿರುತ್ತದೆ. ಇಲಿಯ ಹಿಂದೆ ಕೊಳವೆಯನ್ನು ಓಡಿಸುತ್ತಾರೆ. ಕೊಳವೆ ನಿಲ್ಲಬೇಕು, ಇಲಿ ನಡೆಯಬೇಕು. ಇದು ಉಲ್ಟಾ ಆದರೆ ಮುಂದಿನದೆಲ್ಲ ಕೆಡುತ್ತದೆ.

ಬಾಲ ಯಾಕೆ ಬೇಡ ಎಂಬುದನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. 2010ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ ಮೂರು ರೀತಿಗಳನ್ನು ಹೋಲಿಸಿ ನೋಡಿದರು: ಬಾಲ ಹಿಡಿದು ಎತ್ತುವುದು, ಕೊಳವೆಯಲ್ಲಿ ಎತ್ತುವುದು, ಬೊಗಸೆಯಲ್ಲಿ ಎತ್ತುವುದು. ಬಾಲ ಹಿಡಿಸಿಕೊಂಡ ಇಲಿಗಳು ಮನುಷ್ಯರ ಕೈಯಿಂದ ದೂರ ಉಳಿದವು. ಹೆದರಿಕೆ ಅಳೆಯಲು ಇಲಿಯನ್ನು ಬಿಡುವ, ಪ್ಲಸ್ ಆಕಾರದ ಎತ್ತರದ ಕವಲು ದಾರಿಯಲ್ಲೂ (ಮೇಜ್) ಜಾಸ್ತಿ ಹೆದರಿದವು. ಕೊಳವೆ ಮತ್ತು ಬೊಗಸೆಯ ಇಲಿಗಳು ಕೈಯ ಹತ್ತಿರ ತಾವೇ ಬಂದವು. ಇಲ್ಲಿ ನಮ್ಮ ಕೆಲಸದ ಪ್ರಶ್ನೆಯೂ ಇದೆ. ನಮ್ಮಲ್ಲಿ ತುಂಬಾ ಜನ ಗಿಡಮೂಲಿಕೆಯ ಸಾರ ಕೊಟ್ಟು ರಕ್ತದ ಸಕ್ಕರೆ ಅಳೆಯುತ್ತಾರೆ. ಹೆದರಿದ ಇಲಿಯ ಸಕ್ಕರೆ ಹೆದರಿಕೆಯಿಂದಲೇ ಏರುತ್ತದೆ. ಆಗ ನೀವು ಅಳೆದದ್ದು ಔಷಧಿಯನ್ನೋ, ನಿಮ್ಮ ಕೈಯನ್ನೋ?

## ಶುರು ಮಾಡುವ ಮೊದಲು ಬೇಕಾದ ಸಾಮಾನು

ಕೊಳವೆ. ಸುಮಾರು 5 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಉದ್ದ. ಎರಡೂ ಕಡೆ ಬಾಯಿ ತೆರೆದಿರಬೇಕು. ಪಾರದರ್ಶಕ ಪಾಲಿಕಾರ್ಬೊನೇಟ್ ಸಿಕ್ಕರೆ ಅದೇ ಒಳ್ಳೆಯದು. ಒಳಗಿರುವ ಇಲಿಯ ಮುಖ, ಉಸಿರು, ಕಿವಿಯ ಗುರುತು ಎಲ್ಲ ಹೊರಗಿನಿಂದಲೇ ಕಾಣುತ್ತದೆ. ಆಟೋಕ್ಲೇವ್‌ನ (ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) 121 ಡಿಗ್ರಿ ಕಾವನ್ನೂ ತಾಳಿಕೊಳ್ಳುತ್ತದೆ.

ದುಡ್ಡಿಲ್ಲ ಅಂತ ಕೈಬಿಡಬೇಡಿ. ದಾವಣಗೆರೆಯಲ್ಲಿ ಬೋರ್‌ವೆಲ್ ಮತ್ತು ತೋಟದ ಪೈಪ್ ಮಾರುವ ಅಂಗಡಿಗಳಿಗೆ ಬರವೇ? 50 ಮಿಲಿಮೀಟರ್ ಪಿವಿಸಿ ಪೈಪ್‌ನ ಒಂದು ತುಂಡು ತಂದು, 15 ಸೆಂಟಿಮೀಟರ್‌ಗೆ ಒಂದರಂತೆ ಕೊಯ್ಸಿಕೊಳ್ಳಿ. ಗರ್ಭ ಧರಿಸಿದ ಇಲಿಗೆ, ದಪ್ಪ ಗಂಡಿಗೆ 63 ಮಿಲಿಮೀಟರ್‌ನದು ಬೇಕು. ಕೊಯ್ದ ಅಂಚನ್ನು ಮರಳು ಕಾಗದದಿಂದ ಚೆನ್ನಾಗಿ ಉಜ್ಜಿ. ಬೆರಳು ಆಡಿಸಿದರೆ ಎಲ್ಲೂ ಚುಚ್ಚಬಾರದು.

ಇಲ್ಲಿ ಒಂದು ಎಚ್ಚರಿಕೆ. ಪಿವಿಸಿ ಪೈಪನ್ನು ಆಟೋಕ್ಲೇವ್‌ಗೆ ಹಾಕಬೇಡಿ, ಮೆತ್ತಗಾಗಿ ಸೊಟ್ಟಗಾಗುತ್ತದೆ. ಸೋಪು ನೀರಿನಲ್ಲಿ ತೊಳೆದು, ಸೋಂಕು ನಿವಾರಕದಲ್ಲಿ ನೆನೆಸಿ, ಚೆನ್ನಾಗಿ ಜಾಲಿಸಿ ಒಣಗಿಸಿ. ಅಕ್ರಿಲಿಕ್ ಕೊಳವೆಯಾದರೆ ಸ್ಪಿರಿಟ್ ಹಾಕಿ ಒರೆಸಬೇಡಿ, ಸಣ್ಣ ಸಣ್ಣ ಬಿರುಕು ಬಿಡುತ್ತದೆ. ರಟ್ಟಿನ ಕೊಳವೆಯೂ ಆಗುತ್ತದೆ. ಆದರೆ ಇಲಿ ಅದನ್ನು ಕಡಿಯುತ್ತದೆ, ಮೂತ್ರದಿಂದ ನೆನೆಯುತ್ತದೆ. ಒಂದು ಕೇಜ್‌ಗೆ ಬಳಸಿದ್ದನ್ನು ಆಮೇಲೆ ಎಸೆದುಬಿಡಿ.

ಕೇಜ್‌ಗೆ ಒಂದು ಕೊಳವೆ ಇರಲಿ, ಅದು ಅಲ್ಲೇ ಉಳಿಯಲಿ. ದಿನಾ ಅದರೊಳಗೆ ಮಲಗಿ ಎದ್ದ ಇಲಿಗೆ ಅದು ಬಲೆಯಲ್ಲ, ಮನೆಯ ಸಾಮಾನು. ಒಂದು ಕೇಜ್‌ನ ರೋಗ ಇನ್ನೊಂದಕ್ಕೆ ದಾಟುವುದೂ ತಪ್ಪುತ್ತದೆ.

ಗೂಡಿನ ಸಾಮಾನು. ಟಿಶ್ಯೂ ಕಾಗದ ಅಥವಾ ಕಾಗದದ ಸೀಳು, ಕೇಜ್‌ಗೆ 8ರಿಂದ 10 ಗ್ರಾಂ. ತೂಕ ಮಾಡಿ ಹಾಕಿ, ಕಣ್ಣಳತೆ ಬೇಡ. ಕೆಳಗೆ ಹಾಸಲು ನಮ್ಮಲ್ಲಿ ಭತ್ತದ ಹೊಟ್ಟು ಧಾರಾಳ. ಹರಿಹರ, ಮಲೇಬೆನ್ನೂರು ಕಡೆಯ ರೈಸ್‌ಮಿಲ್‌ಗಳಿಂದ ಬರುತ್ತದೆ. ಕಾಳು ಬಿಡಿಸಿದ ಮೆಕ್ಕೆಜೋಳದ ತೆನೆಯ ತರಿಯೂ ಸಿಗುತ್ತದೆ. ಎರಡನ್ನೂ ಜರಡಿ ಹಿಡಿದು ಧೂಳು ತೆಗೆದು, ಆಟೋಕ್ಲೇವ್ ಮಾಡಿದ ಮೇಲೇ ಹಾಕಿ. ಮಿಲ್‌ನ ಹೊಟ್ಟಿನಲ್ಲಿ ಊರ ಇಲಿಗಳ ಮೂತ್ರ ಬಿದ್ದಿರುವ ಸಂಭವ ಇರುತ್ತದೆ ಎಂಬುದನ್ನು ಮರೆಯಬೇಡಿ.

ಉಳಿದವು. ನೈಟ್ರೈಲ್ ಗ್ಲೌಸ್, ಮಾಸ್ಕ್, ಏಪ್ರನ್, ತೂಕದ ಯಂತ್ರ, ಗೋಡೆಗೆ ಒಂದು ಥರ್ಮಾಮೀಟರ್, ಒಂದು ನೋಟ್‌ಬುಕ್. ಮಾಸ್ಕ್ ಬಿಡಬೇಡಿ. ಇಲಿಯ ಮೂತ್ರದ ಪ್ರೋಟೀನ್ ಗಾಳಿಗೆ ಸೇರಿ ಅಲರ್ಜಿ ಬರಿಸುತ್ತದೆ. ಶುರುವಿನಲ್ಲಿ ಸೀನು, ಆಮೇಲೆ ಉಬ್ಬಸ.

ಪ್ರಯೋಗದ ಇಲಿ ಅಂದ ಮೇಲೆ ಸಂಸ್ಥೆಯ ಎಥಿಕ್ಸ್ ಕಮಿಟಿಯ ಒಪ್ಪಿಗೆ ಇದ್ದೇ ಇರಬೇಕು. ಆ ಒಪ್ಪಿಗೆ ಕೇಳುವ ಅರ್ಜಿ, ಅಂದರೆ ಫಾರ್ಮ್ ಬಿ, ತುಂಬುವಾಗ ಇಲಿಯನ್ನು ಎತ್ತುವ ರೀತಿಯನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಬರೆದಿಟ್ಟರೆ ಗೈಡ್ ಬದಲಾದರೂ, ಕೆಲಸದವರು ಬದಲಾದರೂ ಪದ್ಧತಿ ಬದಲಾಗುವುದಿಲ್ಲ.

## ಹಂತ 1: ರೂಮನ್ನು ಮೊದಲು ಸರಿ ಮಾಡಿ

ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಸಮಿತಿ ಸಿಸಿಎಸ್‌ಇಎ ನಿಯಮಾವಳಿ ಪ್ರಕಾರ ರೂಮಿನ ಉಷ್ಣತೆ 18ರಿಂದ 29 ಡಿಗ್ರಿ ಒಳಗೆ, ತೇವಾಂಶ ಶೇಕಡಾ 30ರಿಂದ 70ರ ಒಳಗೆ ಇರಬೇಕು. ನಮ್ಮ ಊರಿನ ಏಪ್ರಿಲ್‌ನಲ್ಲಿ ಕರೆಂಟ್ ಹೋಗಿ ಎಸಿ ನಿಂತರೆ ಅರ್ಧ ಗಂಟೆಯಲ್ಲಿ ರೂಮು ಕಾಯುತ್ತದೆ. ಇಲಿಗಳು ಗೂಡು ಬಿಟ್ಟು, ಕೈಕಾಲು ಚಾಚಿ, ದೂರ ದೂರ ಮಲಗಿದ್ದರೆ ಅವಕ್ಕೆ ಸೆಕೆಯಾಗಿದೆ ಅಂತ ತಿಳಿಯಿರಿ. ಆಗ ಕೈ ಹಾಕಬೇಡಿ.

ಇಲಿ ರಾತ್ರಿ ಓಡಾಡುವ ಪ್ರಾಣಿ. ನಮ್ಮ ಹಗಲು ಅದರ ನಿದ್ದೆಯ ಹೊತ್ತು. ಹಾಗಾಗಿ ಸಂಜೆ, ದೀಪ ಆರುವ ಸ್ವಲ್ಪ ಮುಂಚೆ ಕೆಲಸ ಮಾಡುವುದು ಒಳ್ಳೆಯದು ಎನ್ನುತ್ತಾರೆ. ಬೇಸಿಗೆಯಲ್ಲಿ ನಾನು ಹಾಗೆ ಮಾಡುವುದಿಲ್ಲ. ಮಧ್ಯಾಹ್ನದ ಕಾವು ಸಂಜೆ ಐದಕ್ಕೂ ಗೋಡೆಯಲ್ಲಿ ಇರುತ್ತದೆ. ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಮುಗಿಸುತ್ತೇನೆ. ಯಾವ ಹೊತ್ತು ಅನ್ನುವುದಕ್ಕಿಂತ ದಿನಾ ಅದೇ ಹೊತ್ತು ಅನ್ನುವುದು ಮುಖ್ಯ. ಒತ್ತಡದ ಹಾರ್ಮೋನ್ ದಿನದ ಹೊತ್ತಿನ ಜೊತೆ ಏರಿ ಇಳಿಯುತ್ತದೆ. ಒಂದು ಗುಂಪನ್ನು ಬೆಳಿಗ್ಗೆ, ಇನ್ನೊಂದನ್ನು ಸಂಜೆ ಅಳೆದರೆ ಲೆಕ್ಕವೇ ತಪ್ಪುತ್ತದೆ.

ಶಬ್ದದ ವಿಷಯ ಎಲ್ಲರೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. ನಮಗೆ 20 ಕಿಲೋಹರ್ಟ್ಸ್ ಮೇಲೆ ಏನೂ ಕೇಳದು. ಇಲಿಗೆ ಅದರ ಮೂರು ನಾಲ್ಕು ಪಟ್ಟು ಎತ್ತರದ ಸ್ವರವೂ ಕೇಳುತ್ತದೆ. ತೊಟ್ಟಿಕ್ಕುವ ನಲ್ಲಿ, ಕಿರುಗುಟ್ಟುವ ಟ್ರಾಲಿ ಗಾಲಿ, ಸ್ಟೀಲ್ ಮುಚ್ಚಳವನ್ನು ಟೇಬಲ್ ಮೇಲೆ ದಡ್ ಅಂತ ಇಡುವುದು, ಇವು ನಿಮಗೆ ಸಣ್ಣ ಶಬ್ದ ಇರಬಹುದು. ಗಾಲಿಗೆ ಎಣ್ಣೆ ಬಿಡಿ. ಮುಚ್ಚಳ ಇಡುವ ಜಾಗದಲ್ಲಿ ಒಂದು ದಪ್ಪ ಬಟ್ಟೆ ಹಾಸಿ. ಫೋನ್ ಹೊರಗಿಡಿ.

## ಹಂತ 2: ಹೊಸ ಇಲಿಗಳಿಗೆ ಒಂದು ವಾರ ಬಿಡಿ

ಬೆಂಗಳೂರಿನಿಂದ ಹೆದ್ದಾರಿಯಲ್ಲಿ 260 ಕಿಲೋಮೀಟರ್ ಅಲ್ಲಾಡಿಕೊಂಡು ಬಂದ ಇಲಿ ಮಾರನೇ ದಿನಕ್ಕೆ ಪ್ರಯೋಗಕ್ಕೆ ತಯಾರಿರುವುದಿಲ್ಲ. ಕ್ವಾರಂಟೈನ್ ಕಡಿಮೆ ಅಂದರೂ ಒಂದು ವಾರ. ಮೊದಲ ಎರಡು ದಿನ ನೀರು, ಆಹಾರ ನೋಡುವುದು ಬಿಟ್ಟು ಬೇರೆ ಏನೂ ಮಾಡಬೇಡಿ. ಕೊಳವೆ ಮಾತ್ರ ಮೊದಲ ದಿನದಿಂದಲೇ ಒಳಗಿರಲಿ.

## ಹಂತ 3: ನಿಮ್ಮ ಕೈ

ಬೆಣ್ಣೆದೋಸೆ, ಮಿರ್ಚಿ ತಿಂದು ನೇರ ಬಂದರೆ ಬೆರಳಿಗೆ ತಿಂಡಿಯ ವಾಸನೆ ಇರುತ್ತದೆ. ಇಲಿ ಅದನ್ನು ಕಚ್ಚಿ ನೋಡುತ್ತದೆ. ಕೈ ಸೋಪಿನಲ್ಲಿ ತೊಳೆದು, ಒಣಗಿಸಿ, ಗ್ಲೌಸ್ ಹಾಕಿ. ಸೆಂಟು, ಪೌಡರ್ ಬೇಡ. ಗ್ಲೌಸ್ ಹಾಕಿದ ಕೈಯನ್ನು ಆ ಕೇಜ್‌ನ ಹೊಟ್ಟಿನಲ್ಲಿ ಒಮ್ಮೆ ಆಡಿಸಿದರೆ ಹೊಸ ರಬ್ಬರ್ ವಾಸನೆ ತಗ್ಗುತ್ತದೆ. ಒಂದು ಗಂಡಿನ ಕೇಜ್ ಮುಗಿಸಿ ಇನ್ನೊಂದು ಗಂಡಿನ ಕೇಜ್‌ಗೆ ಹೋಗುವಾಗ ಗ್ಲೌಸ್ ಬದಲಿಸಿ. ಬೇರೆ ಗಂಡಿನ ವಾಸನೆ ಜಗಳಕ್ಕೆ ಕಾರಣ.

ಇನ್ನೊಂದು ಮಾತು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2014ರಲ್ಲಿ ತೋರಿಸಿದ ಪ್ರಕಾರ, ಗಂಡಸರ ಮೈವಾಸನೆಗೇ ಇಲಿಗಳಲ್ಲಿ ಒತ್ತಡ ಏರುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಇಳಿಯುತ್ತದೆ. ಇದಕ್ಕೆ ಗಂಡುಮಕ್ಕಳನ್ನು ಹೊರಗೆ ಕಳಿಸಬೇಕಿಲ್ಲ. ಪ್ರಯೋಗ ಮುಗಿಯುವವರೆಗೆ ಇಲಿ ಮುಟ್ಟುವವರು ಒಬ್ಬರೇ ಇರಲಿ. ರೂಮಿಗೆ ಬಂದ ಕೂಡಲೇ ಕೇಜ್ ತೆಗೆಯದೆ ಅರ್ಧ ಗಂಟೆ ಬೇರೆ ಕೆಲಸ ನೋಡಿಕೊಳ್ಳಲಿ.

## ಹಂತ 4: ಕೊಳವೆಯಲ್ಲಿ ಎತ್ತುವುದು

ಎಲ್ಲರೂ ಎಡವುವ ಜಾಗ ಇದು. ನಿಧಾನವಾಗಿ ಓದಿ.

1. ನೀರಿನ ಬಾಟಲಿ ತೆಗೆದು, ಆಮೇಲೆ ಮುಚ್ಚಳ ತೆಗೆಯಿರಿ. ಹತ್ತು ಸೆಕೆಂಡ್ ಸುಮ್ನೆ ನಿಲ್ಲಿ. ಇಲಿ ತಲೆ ಎತ್ತಿ ಮೂಸುತ್ತದೆ. ಮೂಸಲಿ.

2. ಕೊಳವೆಯನ್ನು ಕೇಜ್‌ನ ಉದ್ದದ ಗೋಡೆಗೆ ಒತ್ತಿ, ನೆಲಕ್ಕೆ ತಾಗಿಸಿ ಮಲಗಿಸಿ. ಇಲಿ ಬಯಲಿನಲ್ಲಿ ನಡೆಯುವುದಿಲ್ಲ, ಗೋಡೆ ಹಿಡಿದು ನಡೆಯುತ್ತದೆ. ಕೊಳವೆಯ ಬಾಯಿ ಅದರ ದಾರಿಯಲ್ಲೇ ಸಿಗಬೇಕು. ನೆಲದಿಂದ ಒಂದು ಬೆರಳು ಮೇಲಿದ್ದರೂ ಅದು ಕೆಳಗೆ ನುಸುಳುತ್ತದೆ.

3. ಒಂದು ಕೈಯಲ್ಲಿ ಕೊಳವೆ ಅಲ್ಲಾಡದಂತೆ ಹಿಡಿಯಿರಿ. ಇನ್ನೊಂದು ಕೈಯನ್ನು ಇಲಿಯ ಹಿಂದೆ ತನ್ನಿ. ಬೆರಳು ಕೂಡಿಸಿ, ಅಂಗೈಯನ್ನು ಗೋಡೆಯ ಹಾಗೆ ನಿಲ್ಲಿಸಿ. ಮುಟ್ಟಬೇಡಿ, ತಳ್ಳಬೇಡಿ. ಕೈ ನಿಧಾನ ಹತ್ತಿರವಾದಂತೆ ಇಲಿ ಮುಂದೆ ಹೋಗುತ್ತದೆ, ಎದುರಿಗೆ ತೂತು ಕಂಡರೆ ಒಳಗೆ ಹೋಗುತ್ತದೆ.

4. ತಪ್ಪಿಸಿಕೊಂಡು ಹಿಂದೆ ಓಡಿತೇ? ಕೊಳವೆ ಎತ್ತಿಕೊಂಡು ಬೆನ್ನಟ್ಟಬೇಡಿ. ಕೊಳವೆ ಅಲ್ಲೇ ಇರಲಿ. ಕೈ ತೆಗೆಯಿರಿ, ಐದು ಸೆಕೆಂಡ್ ಬಿಡಿ, ಮತ್ತೆ ಹಿಂದಿನಿಂದ ಬನ್ನಿ. ಮೂರು ಸಲ ಆಗದಿದ್ದರೆ ಮುಚ್ಚಳ ಮುಚ್ಚಿ ಮುಂದಿನ ಕೇಜ್‌ಗೆ ಹೋಗಿ. ಹತ್ತು ನಿಮಿಷ ಬಿಟ್ಟು ಮತ್ತೆ ಬಂದರೆ ಆಗುತ್ತದೆ.

5. ನಾಲ್ಕು ಕಾಲೂ ಒಳಗಾದ ಮೇಲೆ ಕೊಳವೆಯನ್ನು ಅಡ್ಡಡ್ಡಲಾಗಿಯೇ ಮೇಲೆತ್ತಿ. ಎರಡೂ ಬಾಯಿಗೆ ಅಂಗೈಯನ್ನು ಸಡಿಲವಾಗಿ ಅಡ್ಡ ಇಡಿ, ಬಿಗಿಯಾಗಿ ಮುಚ್ಚಬೇಡಿ. ಮೊದಲ ದಿನಗಳಲ್ಲಿ ಕೇಜ್ ಮೇಲೆಯೇ ಹಿಡಿದಿರಿ. ಹಾರಿದರೂ ಹೊಟ್ಟಿನ ಮೇಲೆ ಬೀಳುತ್ತದೆ.

6. ಇಳಿಸುವಾಗ ಕೊಳವೆಯ ಒಂದು ಬಾಯಿಯನ್ನು ನೆಲಕ್ಕೆ ತಾಗಿಸಿ. ಇಲಿಯ ಬಾಲದ ಕಡೆ ಸ್ವಲ್ಪ ತಗ್ಗಿಸಿದರೆ ಹಿಂದಕ್ಕೆ ಜಾರಿ ಇಳಿಯುತ್ತದೆ. ಕುಲುಕಬೇಡಿ, ಊದಬೇಡಿ, ಕೊಳವೆಯನ್ನು ತಟ್ಟಬೇಡಿ.

ಇಷ್ಟಕ್ಕೆ ರೂಢಿಯಾದ ಕೈಗೆ ಕೆಲವೇ ಸೆಕೆಂಡ್ ಸಾಕು. "ಟೈಮ್ ಇಲ್ಲ ಸರ್, ನಲವತ್ತು ಕೇಜ್ ಇದೆ" ಎಂದು ಕೇಜ್ ತೊಳೆಯುವವರು ಹೇಳುವುದು ನನಗೂ ಗೊತ್ತು. ಅವರ ಕಷ್ಟ ನಿಜ. ಆದರೆ ಲಿವರ್‌ಪೂಲ್‌ನ ಅದೇ ಗುಂಪು 2019ರಲ್ಲಿ ತೋರಿಸಿದ್ದು ಇದನ್ನೇ: ಕೇಜ್ ಬದಲಿಸುವಾಗ ಬರೀ 2 ಸೆಕೆಂಡ್ ಕೊಳವೆಯಲ್ಲಿ ಎತ್ತಿದರೂ ಗುಣ ಕಾಣುತ್ತದೆ. ವಿದ್ಯಾರ್ಥಿ ವಾರವೆಲ್ಲ ಕೊಳವೆ ಬಳಸಿ, ಶನಿವಾರ ಕ್ಲೀನಿಂಗ್ ದಿನ ಬೇರೊಬ್ಬರು ಬಾಲ ಹಿಡಿದು ಎತ್ತಿ ಹಾಕಿದರೆ ಏನು ಬಂತು? ಈ ಕೆಲಸವನ್ನು ಮೊದಲು ಕಲಿಸಬೇಕಾದದ್ದು ಕೇಜ್ ತೊಳೆಯುವ ಅಕ್ಕ, ಅಣ್ಣಂದಿರಿಗೆ. ನಾನು ಕಲಿಸಿದವರಲ್ಲಿ ಅವರಷ್ಟು ಬೇಗ ಕಲಿತವರು ಕಡಿಮೆ.

## ಹಂತ 5: ಬೊಗಸೆ

ಕೊಳವೆಗೆ ಒಗ್ಗಿದ ಇಲಿಯನ್ನು ಬೊಗಸೆಯಲ್ಲಿ ತೆಗೆದುಕೊಳ್ಳಬಹುದು. ಎರಡೂ ಕೈಯನ್ನು ಹೊಟ್ಟಿನ ಕೆಳಗೆ ಎರಡು ಕಡೆಯಿಂದ ತೂರಿಸಿ, ನೀರು ಮೊಗೆದ ಹಾಗೆ ಮೇಲೆತ್ತಿ. ಮೇಲಿನಿಂದ ಕೈ ತರಬೇಡಿ. ಹದ್ದು ಬರುವುದೂ ಮೇಲಿನಿಂದಲೇ ಅಲ್ವಾ?

ಎರಡು ಮೂರು ವಾರದ ಮರಿಗಳಿಗೆ ಬೊಗಸೆ ಬೇಡ. ಆ ವಯಸ್ಸಿನಲ್ಲಿ ಅವು ಮಂಡಕ್ಕಿ ಭಟ್ಟಿಯ ಕಾಳಿನ ಹಾಗೆ ಚಿಮ್ಮುತ್ತವೆ. ಕೊಳವೆಯೇ ಕ್ಷೇಮ. ಆಗತಾನೆ ಮರಿ ಹಾಕಿದ ತಾಯಿಯನ್ನು ಮೊದಲ ಕೆಲವು ದಿನ ಮುಟ್ಟಲೇಬೇಡಿ. ಮುಟ್ಟಲೇಬೇಕಾದರೆ ಗೂಡನ್ನು ಇಡಿಯಾಗಿ, ಮರಿಗಳ ಸಮೇತ ಎತ್ತಿ.

## ಹಂತ 6: ತೂಕ, ಗುರುತು, ಇಂಜೆಕ್ಷನ್

ತೂಕಕ್ಕೆ ಇಲಿಯನ್ನು ಹೊರಗೆ ತೆಗೆಯಬೇಕಿಲ್ಲ. ಖಾಲಿ ಕೊಳವೆ ಮತ್ತು ಡಬ್ಬಿ ಇಟ್ಟು ಸೊನ್ನೆ ಮಾಡಿಕೊಳ್ಳಿ. ಇಲಿ ಇರುವ ಕೊಳವೆಯನ್ನು ಡಬ್ಬಿಯೊಳಗೆ ಇಳಿಸಿ, ಓದಿಕೊಳ್ಳಿ. ಕಿವಿಯ ಗುರುತನ್ನು ಪಾರದರ್ಶಕ ಕೊಳವೆಯಲ್ಲೇ ನೋಡಬಹುದು.

ಇಂಜೆಕ್ಷನ್‌ಗೆ ಹೆಡಕು ಹಿಡಿಯಲೇಬೇಕು. "ಹಾಗಾದರೆ ಕೊಳವೆಯಿಂದ ಏನು ಪ್ರಯೋಜನ?" ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಪ್ರಯೋಜನ ಇದೆ. ಕೊಳವೆಯಲ್ಲಿ ಎತ್ತಿದ ಇಲಿಯನ್ನು ಆಮೇಲೆ ಹೆಡಕು ಹಿಡಿದರೂ ಕೊಳವೆಯಿಂದ ಬಂದ ಒಳ್ಳೆಯ ಗುಣ ಅಳಿಯುವುದಿಲ್ಲ ಎಂದು ಲಿವರ್‌ಪೂಲ್‌ನ ಆ ಪ್ರಯೋಗಗಳಲ್ಲೇ ಕಂಡಿದೆ. ಗಾಳಿಯಲ್ಲಿ ಬಾಲದಿಂದ ನೇತಾಡುವುದು ಬೇರೆ, ಕಾಲು ನೆಲದ ಮೇಲಿರುವಾಗ ಹಿಡಿಸಿಕೊಳ್ಳುವುದು ಬೇರೆ.

ಕ್ರಮ ಹೀಗೆ. ಕೊಳವೆಯಿಂದ ಇಲಿಯನ್ನು ಕೇಜ್‌ನ ಕಂಬಿ ಮುಚ್ಚಳದ ಮೇಲೆ ಇಳಿಸಿ. ಬಾಲದ ಬುಡವನ್ನು, ತುದಿಯನ್ನಲ್ಲ, ಬೆರಳಲ್ಲಿ ಮೆತ್ತಗೆ ಹಿಡಿಯಿರಿ. ಇಲಿ ಮುಂಗಾಲಿನಿಂದ ಕಂಬಿ ಹಿಡಿದು ಮುಂದಕ್ಕೆ ಎಳೆಯುತ್ತದೆ. ಆಗ ಇನ್ನೊಂದು ಕೈಯ ಹೆಬ್ಬೆರಳು, ತೋರುಬೆರಳಿನಿಂದ ಕಿವಿಗಳ ಹಿಂದಿನ ಸಡಿಲ ಚರ್ಮ ಹಿಡಿಯಿರಿ. ಬಾಲವನ್ನು ಅದೇ ಕೈಯ ಕಿರುಬೆರಳಿಗೆ ಸಿಕ್ಕಿಸಿ. ತಲೆಯನ್ನು ಸ್ವಲ್ಪ ಕೆಳಗೆ ಬಾಗಿಸಿದರೆ ಕರುಳು ಎದೆಯ ಕಡೆ ಸರಿಯುತ್ತದೆ. ಹೊಟ್ಟೆಯ ಕೆಳಭಾಗದಲ್ಲಿ, ಇಲಿಯ ಬಲಗಡೆಗೆ ಚುಚ್ಚಿ. ಹೊಟ್ಟೆಯೊಳಗೆ ಕೊಡುವ ಪ್ರಮಾಣ ಕಿಲೋಗೆ 10 ಮಿಲಿಲೀಟರ್ ಒಳಗಿರಲಿ, ಅಂದರೆ 25 ಗ್ರಾಂ ಇಲಿಗೆ 0.25 ಮಿಲಿಲೀಟರ್. ಒಂದು ಇಲಿಗೆ ಒಂದು ಸೂಜಿ. ಮೊಂಡು ಸೂಜಿಯ ನೋವು ಇಲಿಗೂ ಒಂದೇ, ನಮಗೂ ಒಂದೇ. ದ್ರವ ಫ್ರಿಜ್‌ನಿಂದ ತೆಗೆದ ಹಾಗೇ ತಣ್ಣಗಿರಬಾರದು.

ಹಿಡಿತ ಜಾಸ್ತಿ ಬಿಗಿಯಾದರೆ ಮೂಗು, ಬಾಯಿ, ಪಾದದ ಗುಲಾಬಿ ಬಣ್ಣ ಹೋಗಿ ನೀಲಿಯಾಗುತ್ತದೆ, ಕಣ್ಣು ಹೊರಚಾಚುತ್ತದೆ. ಆ ಕ್ಷಣವೇ ಬಿಡಿ. ಇಂಜೆಕ್ಷನ್ ಅರ್ಧಕ್ಕೆ ನಿಂತರೂ ಪರವಾಗಿಲ್ಲ. ನಾನು ಕಲಿಯುವ ಕಾಲದಲ್ಲಿ, ಒಂದು ಕಾಲೇಜಿನಲ್ಲಿ, "ಗಟ್ಟಿಯಾಗಿ ಹಿಡಿ, ಕಚ್ಚುತ್ತೆ" ಎಂದು ಮಾತ್ರ ಹೇಳಿಕೊಟ್ಟರು. ಹಾಗೆ ಹಿಡಿದು ಒಂದು ಇಲಿ ನನ್ನ ಕೈಯಲ್ಲೇ ಉಸಿರು ನಿಲ್ಲಿಸಿತು. ಅದು 22 ಗ್ರಾಂ ಇತ್ತು. ಆ ತೂಕ ನನಗೆ ಇನ್ನೂ ನೆನಪಿದೆ.

## ಹಂತ 7: ಕೇಜ್ ಬದಲಿಸುವ ದಿನ

ಹಳೆಯ ಗೂಡಿನ ಒಣಗಿದ ಭಾಗವನ್ನು ಹೊಸ ಕೇಜ್‌ಗೆ ಹಾಕಿ. ಮೂತ್ರ ಬಿದ್ದ ಹೊಟ್ಟನ್ನು ಮಾತ್ರ ಹಾಕಬೇಡಿ. ಇವೆರಡರ ವ್ಯತ್ಯಾಸ ದೊಡ್ಡದು. ಗಂಡು ಇಲಿಗಳಲ್ಲಿ ಗೂಡಿನ ವಾಸನೆ ಜಗಳ ಇಳಿಸುತ್ತದೆ, ಮೂತ್ರದ ವಾಸನೆ ಏರಿಸುತ್ತದೆ. ಕೇಜ್ ಬದಲಿಸಿದ ದಿನ ಯಾವ ಅಳತೆಯೂ ಬೇಡ.

## ಎಚ್ಚರಿಕೆಯ ಗುರುತುಗಳು

ಎತ್ತಿದ ಕೂಡಲೇ ಮೂತ್ರ, ಹಿಕ್ಕೆ ಹಾಕುವುದು ಹೆದರಿಕೆಯ ಮೊದಲ ಗುರುತು. ಮೊದಲ ಎರಡು ದಿನ ಸಹಜ. ಐದನೇ ದಿನವೂ ಇದ್ದರೆ ನಿಮ್ಮ ರೀತಿಯಲ್ಲಿ ಏನೋ ತಪ್ಪಿದೆ. ಕೂದಲು ನಿಮಿರಿ, ಬೆನ್ನು ಗೂನಾಗಿ, ಮೂಲೆಯಲ್ಲಿ ಒಂಟಿಯಾಗಿ ಕೂತ ಇಲಿ ಹೆದರಿದ್ದು ಮಾತ್ರವಲ್ಲ, ಕಾಯಿಲೆ ಬಿದ್ದಿರಬಹುದು. ಗೂಡು ಕಟ್ಟದೆ ಕಾಗದ ಹಾಗೇ ಬಿದ್ದಿದ್ದರೂ ಅನುಮಾನಪಡಿ.

ನೋವನ್ನು ಮುಖದಲ್ಲಿ ಓದಲು ಐದು ಜಾಗ ನೋಡಿ: ಕಣ್ಣು ಕಿರಿದಾಗಿದೆಯೇ, ಮೂಗಿನ ಮೇಲೆ ಉಬ್ಬಿದೆಯೇ, ಕೆನ್ನೆ ಉಬ್ಬಿದೆಯೇ, ಕಿವಿ ಹಿಂದಕ್ಕೆ ಬಾಗಿದೆಯೇ, ಮೀಸೆ ಸೆಟೆದಿದೆಯೇ ಅಥವಾ ಹಿಂದಕ್ಕೆ ಅಂಟಿದೆಯೇ. ಒಂದೊಂದಕ್ಕೂ 0, 1, 2 ಅಂತ ಅಂಕ ಕೊಡಿ. ಮಲಗಿರುವ ಇಲಿಗೆ ಅಂಕ ಹಾಕಬೇಡಿ, ಎದ್ದ ಮೇಲೆ ನೋಡಿ. ಒಟ್ಟು ಏರುತ್ತಿದ್ದರೆ ಪ್ರಾಣಿವೈದ್ಯರನ್ನು ಕರೆಯಿರಿ, ನಾಳೆಗೆ ಬಿಡಬೇಡಿ.

## ಇಲಿ ಕೈತಪ್ಪಿ ನೆಲಕ್ಕೆ ಬಿದ್ದರೆ

ಮೊದಲು ಬಾಗಿಲು ಮುಚ್ಚಿ. ಪೊರಕೆ ತೆಗೆದುಕೊಂಡು ಓಡಬೇಡಿ. ಅದೇ ಕೊಳವೆಯನ್ನು ಗೋಡೆಯ ಬುಡಕ್ಕೆ ಒತ್ತಿ ಮಲಗಿಸಿ, ಇನ್ನೊಂದು ಕಡೆಯಿಂದ ನಿಧಾನ ನಡೆದು ಬನ್ನಿ. ಗೋಡೆ ಹಿಡಿದು ಬಂದ ಇಲಿ ತನ್ನ ವಾಸನೆಯ ಕೊಳವೆ ಕಂಡರೆ ಒಳಗೆ ಹೋಗುತ್ತದೆ. ನಿಮ್ಮನ್ನು ಕಚ್ಚಿದ್ದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು, ಇನ್‌ಚಾರ್ಜ್‌ಗೆ ತಿಳಿಸಿ, ಡಾಕ್ಟರ್ ಹತ್ತಿರ ಹೋಗಿ. ಟಿಟಿ ಬೇಕೇ ಎಂದು ಅವರೇ ಹೇಳುತ್ತಾರೆ.

## ಹಂತ 8: ಪ್ರಯೋಗಕ್ಕೆ ಮುಂಚೆ ಒಂದು ಪರೀಕ್ಷೆ

ಕ್ವಾರಂಟೈನ್ ಮುಗಿದ ಮೇಲೆ ದಿನಕ್ಕೆ ಎರಡು ಸಲ, ಏಳು ದಿನ ಕೊಳವೆಯಲ್ಲಿ ಎತ್ತಿ ಇಳಿಸಿ. ಸಲಕ್ಕೆ ಅರ್ಧ ನಿಮಿಷ ಸಾಕು. ಎಂಟನೇ ದಿನ ಮುಚ್ಚಳ ತೆಗೆದು, ಗ್ಲೌಸ್ ಹಾಕಿದ ಕೈಯಲ್ಲಿ ಕೊಳವೆ ಹಿಡಿದು ಕೇಜ್‌ನ ಒಂದು ತುದಿಯಲ್ಲಿ ಅಲ್ಲಾಡದೆ ಇಟ್ಟುಕೊಳ್ಳಿ. 60 ಸೆಕೆಂಡ್ ಗಡಿಯಾರ ನೋಡಿ. ಇಲಿ ಎಷ್ಟು ಸೆಕೆಂಡ್ ಕೈಯನ್ನೋ ಕೊಳವೆಯನ್ನೋ ಮೂಸಿತು, ಹತ್ತಿತು, ಕಚ್ಚಿ ನೋಡಿತು ಎಂದು ಎಣಿಸಿ ನೋಟ್‌ಬುಕ್‌ನಲ್ಲಿ ಬರೆಯಿರಿ. ಮೊದಲ ದಿನವೂ ಇದನ್ನು ಬರೆದಿಟ್ಟಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ತಾನಾಗಿ ಬಂದು ಕೊಳವೆ ಹತ್ತುವ ಇಲಿಗಳ ಕೇಜ್‌ಗೆ ಹಸಿರು ಚೀಟಿ ಅಂಟಿಸಿ, ಮಾರನೇ ದಿನದಿಂದ ಪ್ರಯೋಗಕ್ಕೆ ತೆಗೆದುಕೊಳ್ಳಿ. ಎದುರು ಮೂಲೆ ಬಿಟ್ಟು ಅಲ್ಲಾಡದ ಇಲಿ ಇದ್ದರೆ ಆ ಕೇಜ್‌ಗೆ ಇನ್ನೂ ಮೂರು ದಿನ ಕೊಡಿ, ಮತ್ತೆ ಎಣಿಸಿ.